ಹಿಮ್ಮೈಯ ನೆಯ್ಗೆ

ಅನುವಾದವನ್ನು ಓದುವುದೆಂದರೆ ಚಿತ್ರನೆಯ್ಗೆಯನ್ನು ಹಿಂಬದಿಯಿಂದ ನೋಡಿದಂತೆ ಎಂಬರ್ಥದ ಮಾತೊಂದು ಸರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ ಕೃತಿಯ ಎರಡನೆಯ ಭಾಗದಲ್ಲಿ (1615) ಬರುತ್ತದೆ. ಆಕೃತಿಗಳೇನೋ ಕಾಣುತ್ತವೆ, ದಾರದ ಎಳೆಗಳು ಅವನ್ನು ಮಸುಕುಗೊಳಿಸುತ್ತವೆ ಎಂದು ಅದರ ತಾತ್ಪರ್ಯ. ಗ್ರೀಕ್, ಲ್ಯಾಟಿನ್ ಕಾವ್ಯಗಳನ್ನು ಅನುವಾದಗಳಿಂದಲೇ ಅರಿತ ನನ್ನಂಥವನಿಗೆ ಇದು ನಾಟುವ ಮಾತು. ಇದಕ್ಕೆ ಸಮಾಧಾನವೂ ಒಂದು ಚಿತ್ರನೆಯ್ಗೆಯಲ್ಲಿಯೇ ದೊರೆಯುತ್ತದೆಂದು ನನ್ನ ಭಾವನೆ.

ರೋಮಿನ ಕವಿ ಆವಿಡನ ‘ಮೆಟಮಾರ್ಫೊಸಿಸ್’ ಕಾವ್ಯದ 14ನೆಯ ಸರ್ಗದಲ್ಲಿ ಪೊಮೋನ ಎಂಬ ವನದೇವಿಯ ಕಥೆಯಿದೆ. ಹಣ್ಣಿನ ತೋಟವೇ ಅವಳ ಲೋಕ. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ರೂಪ ಬದಲಿಸಬಲ್ಲ ದೇವತೆ ವರ್ಟುಮ್ನಸ್ ಅವಳಲ್ಲಿ ಅನುರಕ್ತನಾಗಿ ಕೊಯ್ಲಿನವನಾಗಿ, ಸೈನಿಕನಾಗಿ, ಬೆಸ್ತನಾಗಿ ಸುಳಿದಾಡುತ್ತಾನೆ. ಕೊನೆಗೆ ಮುದುಕಿಯಾಗಿ ಒಳಹೊಕ್ಕು ತನ್ನ ಪರವಾಗಿ ತಾನೇ ವಾದಿಸುತ್ತಾನೆ. ವಾದ ಫಲಿಸುವುದಿಲ್ಲ. ವೇಷ ಕಳಚಿ ನಿಜರೂಪದಲ್ಲಿ ನಿಂತಾಗ ಮಾತ್ರ ಅವಳು ಒಲಿಯುತ್ತಾಳೆ.

1755ರಲ್ಲಿ ಪ್ಯಾರಿಸ್ಸಿನ ಗೊಬ್ಲ್ಯಾಂ ರಾಜನೆಯ್ಗೆಶಾಲೆಯ ಮೇಲ್ವಿಚಾರಕನಾದ ಚಿತ್ರಕಾರ ಬೂಶೆ ಈ ಕಥೆಯನ್ನು ಚಿತ್ರಿಸಿದನು. ಇಂಗ್ಲೆಂಡಿನ ಕ್ರೂಮ್ ಕೋರ್ಟ್ ಎಂಬ ಸೌಧದ ಒಡೆಯನು 1763ರಲ್ಲಿ ಒಂದು ಕೋಣೆಗಾಗಿ ಇಂಥ ನೆಯ್ಗೆಗಳನ್ನು ಬೇಡಿದನು. 1771ರಲ್ಲಿ ಅವು ಗೋಡೆಯೇರಿದವು. ಈಗ ಆ ಕೋಣೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಕೆಂಪು ರೇಷ್ಮೆಯ ಗೋಡೆಯ ಮೇಲೆ ಚಿನ್ನದ ಚೌಕಟ್ಟಿನ ಚಿತ್ರಗಳನ್ನು ತೂಗುಹಾಕಿದಂತೆ ಅಲ್ಲಿ ತೋರುತ್ತದೆ. ಚೌಕಟ್ಟೂ ಅದರ ನೆರಳೂ ಹೂಮಾಲೆಗಳೂ ಎಲ್ಲವೂ ನೆಯ್ದವೇ! ವೇಷಧಾರಿಯ ಕಥೆಗೆ ಬಟ್ಟೆಯೂ ವೇಷ ತೊಟ್ಟಿದೆ.

ಇದನ್ನು ನೆಯ್ಯಿಸಿದವನು ಜಾಕ್ ನೀಲ್ಸನ್. ಅವನ ಶಾಲೆಯದು ಅಡ್ಡಮಗ್ಗ. ಹಾಸಿನ ಕೆಳಗೆ ಮಾದರಿಚಿತ್ರ. ನೇಕಾರನು ಎಳೆಗಳ ಸಂದಿನಿಂದ ಅದನ್ನು ನೋಡುತ್ತ, ಒಂದೊಂದು ಬಣ್ಣದ ಹೊಕ್ಕನ್ನು ಅದಕ್ಕೆ ಬೇಕಾದಷ್ಟೇ ಅಗಲಕ್ಕೆ ಕೈಯಿಂದ ಸೇರಿಸುತ್ತಾನೆ. ಅವನ ಕಣ್ಣೆದುರಿಗಿರುವುದು ಬಟ್ಟೆಯ ಹಿಮ್ಮೈ. ಪೊಮೋನಳ ಮುಖ ಅವನಿಗೆ ಗಂಟುಗಳೂ ದಾರದ ತುದಿಗಳೂ ಆಗಿ ಒದಗುತ್ತದೆ. ಅದರ ಚೆಲುವು ಆಚೆಯ ಮಗ್ಗುಲಿನಲ್ಲಿ ಮೂಡುತ್ತದೆ.

ಸರ್ವಾಂಟಿಸ್ ಹಳಿದ ಹಿಮ್ಮೈ ನೇಕಾರನ ಕಾರ್ಯಕ್ಷೇತ್ರ. ಲ್ಯಾಟಿನ್ನಿನ ಕಥೆ ವರ್ಣಕ್ಕೆ, ವರ್ಣವು ನೂಲಿಗೆ ಇಳಿದು ಬಂದದ್ದು ಅಲ್ಲಿಯೇ. ಅನುವಾದಕನ ಸ್ಥಾನವೂ ಅದೇ ಅಲ್ಲವೇ? ಮೂಲದ ಗಂಟುಗಳನ್ನು ಬೆರಳಿನಿಂದ ಬಲ್ಲವನು ಅವನು. ಅವನ ಶ್ರಮದ ಮುಮ್ಮೈ ಓದುಗರ ಪಾಲಿನದು.