ಹಾರಿದ್ದು 24 ಸಲ, ಕೊನೆಗೆ ಗುಂಡಿಗೆ ಗುರಿ: ಬ್ರಿಟನ್ನಿನ ಪ್ರೊಟೊಟೈಪ್ ವಿಮಾನಗಳು ಏನಾದವು?

ಹೊಸ ಫೋನ್ ಮಾರ್ಕೆಟ್‌ಗೆ ಬರೋ ಮೊದಲು ಕಂಪನಿಯವರು ಒಂದಷ್ಟು ಸ್ಯಾಂಪಲ್ ಮಾಡಿ, ಬೀಳಿಸಿ, ಬಿಸಿ ಮಾಡಿ ನೋಡಿರ್ತಾರೆ. ನಾವು ಕೊಳ್ಳೋ ಹೊತ್ತಿಗೆ ಆ ಸ್ಯಾಂಪಲ್‌ಗಳು ಎಲ್ಲಿ ಹೋದವು ಅಂತ ಯಾರೂ ಕೇಳಲ್ಲ. ವಿಮಾನದ ವಿಷಯದಲ್ಲೂ ಹೀಗೇ. ಮೊದಲು ತಯಾರಾಗೋದು ಪ್ರೊಟೊಟೈಪ್. ಪರೀಕ್ಷೆ ಮುಗಿದ ಮೇಲೆ ಅದರ ಗತಿ ಏನು? ಇವತ್ತು ಬ್ರಿಟನ್ನಿನ ಕೆಲವು ಪ್ರೊಟೊಟೈಪ್‌ಗಳ ಕಥೆ ಹೇಳ್ತೀನಿ. ಯಾವುದು ಉಳೀತು, ಯಾವುದು ಗುಜರಿಗೆ ಹೋಯ್ತು, ಯಾಕೆ ಅನ್ನೋದೇ ನನಗೆ ಇದರಲ್ಲಿ ಕುತೂಹಲ.

ಟಿಎಸ್‌ಆರ್–2 ಇಂದ ಶುರು ಮಾಡೋಣ. ನೆಲಕ್ಕೆ ಹತ್ತಿರವಾಗಿ, ಶಬ್ದದ ವೇಗದಲ್ಲಿ ನುಗ್ಗಿ, ಶತ್ರುವಿನ ರಡಾರ್‌ಗೆ ಸಿಗದ ಹಾಗೆ ದಾಳಿ ಮಾಡಬೇಕು ಅನ್ನೋ ಉದ್ದೇಶದಿಂದ ಮಾಡಿದ ವಿಮಾನ ಇದು. 1964ರ ಸೆಪ್ಟೆಂಬರ್ 27ರಂದು ಬಾಸ್ಕಂಬ್ ಡೌನ್‌ನಿಂದ ಮೊದಲ ಸಲ ಹಾರಿತು. ಹಾರಿಸಿದವರು ರೋಲಂಡ್ ಬೀಮಾಂಟ್, ಹಿಂದಿನ ಸೀಟಿನಲ್ಲಿ ಡಾನ್ ಬೋವೆನ್. ವಿಮಾನದ ನಂಬರ್ ಎಕ್ಸ್‌ಆರ್ 219.

ಆರೇ ತಿಂಗಳು ಕಳೆದಿತ್ತು. 1965ರ ಏಪ್ರಿಲ್ 6ರಂದು ಹಣಕಾಸು ಸಚಿವ ಜೇಮ್ಸ್ ಕ್ಯಾಲಹ್ಯಾನ್ ಬಜೆಟ್ ಭಾಷಣದಲ್ಲೇ ಯೋಜನೆ ರದ್ದು ಅಂದುಬಿಟ್ಟರು. ಖರ್ಚು ಕೈಮೀರಿತ್ತು. ಬದಲಿಗೆ ಅಮೆರಿಕದ ಎಫ್–111 ಕೊಳ್ಳೋದು ಅಂತ ಯೋಚನೆ ಆಯ್ತು. ತಮಾಷೆ ಅಂದ್ರೆ, 1968ರಲ್ಲಿ ಆ ಖರೀದಿಯೂ ರದ್ದಾಯ್ತು. ಎರಡನೇ ವಿಮಾನ ಎಕ್ಸ್‌ಆರ್ 220 ಬಜೆಟ್ ದಿನವೇ ಮೊದಲ ಸಲ ಹಾರಬೇಕಿತ್ತು. ಹಾರಲೇ ಇಲ್ಲ. ಹೀಗಾಗಿ ಟಿಎಸ್‌ಆರ್–2 ಅಂತ ಆಕಾಶ ಕಂಡಿದ್ದು 219 ಒಂದೇ, ಅದೂ 24 ಸಲ.

ಮುಂದಿನ ಭಾಗ ಕೇಳೋಕೆ ಸ್ವಲ್ಪ ಕಷ್ಟ. ಭಾಗಗಳನ್ನು ಅಳತೆಗೆ ಸರಿಯಾಗಿ ಹಿಡಿದು ಜೋಡಿಸೋಕೆ ಜಿಗ್ ಅಂತ ದೊಡ್ಡ ಚೌಕಟ್ಟುಗಳಿರ್ತವೆ. ಅವನ್ನೆಲ್ಲ ಕತ್ತರಿಸಿ ಹಾಕಿದರು. ಅರ್ಧ ಮುಗಿದಿದ್ದ ವಿಮಾನಗಳು ಗುಜರಿ ಸೇರಿದವು. ಹಾರಿದ್ದ ಆ 219, ಜೊತೆಗೆ 221 ಮತ್ತು 223 ಎಸೆಕ್ಸ್ ಕರಾವಳಿಯ ಶೂಬರಿನೆಸ್‌ಗೆ ಹೋದವು. ಅದು ಸೈನ್ಯದ ಫೈರಿಂಗ್ ರೇಂಜ್. ಆಧುನಿಕ ವಿಮಾನಕ್ಕೆ ಗುಂಡು, ಚೂರು ತಗುಲಿದರೆ ಎಷ್ಟು ಹಾನಿಯಾಗುತ್ತೆ ಅಂತ ನೋಡೋಕೆ ಅವುಗಳ ಮೇಲೇ ಗುಂಡು ಹಾರಿಸಿದರು. ಒಂದು ದೇಶ ತನ್ನ ಅತ್ಯುತ್ತಮ ಎಂಜಿನಿಯರುಗಳಿಂದ ವರ್ಷಗಟ್ಟಲೆ ಮಾಡಿಸಿದ್ದು, ಕೊನೆಗೆ ಗುರಿಹಲಗೆ!

ಹಾಗಾದರೆ ಉಳಿದದ್ದು ಯಾವುದು? ಎರಡು. 220 ಬಾಸ್ಕಂಬ್ ಡೌನ್‌ನಲ್ಲೇ ಎಂಜಿನ್ ಸದ್ದಿನ ಪರೀಕ್ಷೆಗೆ ಬೇಕಾಯ್ತು. ಆಮೇಲೆ ಕಾಸ್‌ಫರ್ಡ್‌ನ ವಾಯುಪಡೆ ಮ್ಯೂಸಿಯಂಗೆ ಬಂತು. 222 ಕ್ರ್ಯಾನ್‌ಫೀಲ್ಡ್‌ನ ಏರೋನಾಟಿಕ್ಸ್ ಕಾಲೇಜಿಗೆ ಹೋಯ್ತು, ವಿದ್ಯಾರ್ಥಿಗಳು ನೋಡಿ ಕಲೀಲಿ ಅಂತ. ಈಗ ಡಕ್ಸ್‌ಫರ್ಡ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಇಲ್ಲೊಂದು ವಿಷಯ ಗಮನಿಸಿ. ಇವನ್ನು ಇತಿಹಾಸ ಅಂತ ಯಾರೂ ಮೊದಲ ದಿನವೇ ಎತ್ತಿಟ್ಟಿರಲಿಲ್ಲ. ಯಾರಿಗೋ ಏನೋ ಕೆಲಸಕ್ಕೆ ಬೇಕಾಗಿತ್ತು, ಅಷ್ಟರಲ್ಲಿ ವರ್ಷಗಳು ಕಳೆದವು, ಆಮೇಲೆ ಅದರ ಬೆಲೆ ಗೊತ್ತಾಯ್ತು.

ಇದೇ ದಾರಿಯಲ್ಲಿ ಉಳಿದ ಇನ್ನೊಂದು ವಿಮಾನ ಇಎಪಿ. 1986ರ ಆಗಸ್ಟ್ 8ರಂದು ಮೊದಲು ಹಾರಿದ್ದು. ಇವತ್ತಿನ ಯೂರೋಫೈಟರ್ ಟೈಫೂನ್‌ಗೆ ದಾರಿ ಮಾಡಿಕೊಟ್ಟ ವಿಮಾನ. ನಿವೃತ್ತಿ ಆದ ಮೇಲೆ ಲಫ್‌ಬರಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಹುಡುಗರಿಗೆ ಪಾಠದ ವಸ್ತುವಾಯ್ತು. 2012ರಲ್ಲಿ ಕಾಸ್‌ಫರ್ಡ್ ಸೇರಿತು.

ಯಾರ ಕೆಲಸಕ್ಕೂ ಬಾರದೆ ಹೋದರೆ? ಬ್ರಿಸ್ಟಲ್ ಬ್ರಬಜಾನ್ ನೋಡಿ. ಲಂಡನ್‌ನಿಂದ ನ್ಯೂಯಾರ್ಕ್‌ಗೆ 100 ಜನರನ್ನು ಎಲ್ಲೂ ನಿಲ್ಲದೆ ಕರೆದೊಯ್ಯಬೇಕು ಅಂತ ಮಾಡಿದ್ದು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 70 ಮೀಟರ್, ಆಮೇಲೆ ಬಂದ ಬೋಯಿಂಗ್ 747ಕ್ಕಿಂತ ಅಗಲ. ಇದರ ರನ್‌ವೇ ಉದ್ದ ಮಾಡೋಕೆ ಫಿಲ್ಟನ್ ಪಕ್ಕದ ಚಾರ್ಲ್‌ಟನ್ ಹಳ್ಳಿಯ ಮನೆಗಳನ್ನೇ ಕೆಡವಿದರು. 1949ರ ಸೆಪ್ಟೆಂಬರ್ 4ರಂದು ಹಾರಿತು. ಕೊಳ್ಳೋಕೆ ಮಾತ್ರ ಒಂದು ವಿಮಾನ ಕಂಪನಿಯೂ ಬರಲಿಲ್ಲ. 1953ರಲ್ಲಿ ಅದನ್ನೂ, ಅರ್ಧ ಕಟ್ಟಿದ್ದ ಎರಡನೆಯದನ್ನೂ ಒಡೆದು ಗುಜರಿಗೆ ಹಾಕಿದರು. ಚಕ್ರದಂಥ ಕೆಲವು ಬಿಡಿಭಾಗಗಳು ಮಾತ್ರ ಮ್ಯೂಸಿಯಂಗಳಲ್ಲಿವೆ. ಹಳ್ಳಿಯೂ ಹೋಯ್ತು, ವಿಮಾನವೂ ಹೋಯ್ತು. ಉಳಿದದ್ದು ರನ್‌ವೇ. 1969ರ ಏಪ್ರಿಲ್ 9ರಂದು ಬ್ರಿಟನ್ನಿನ ಮೊದಲ ಕಾಂಕಾರ್ಡ್, ಅಂದರೆ 002, ಏರಿದ್ದು ಅದೇ ಫಿಲ್ಟನ್‌ನಿಂದ.

ಇನ್ನೊಂದು ಪೇಚಿನ ಪ್ರಸಂಗ ಇದೆ. ಫೇರಿ ಡೆಲ್ಟಾ 2 ಅನ್ನೋ ವಿಮಾನ, ನಂಬರ್ ಡಬ್ಲ್ಯುಜಿ 774. 1956ರ ಮಾರ್ಚ್ 10ರಂದು ಪೀಟರ್ ಟ್ವಿಸ್ ಇದರಲ್ಲಿ ಗಂಟೆಗೆ 1,822 ಕಿ.ಮೀ. ವೇಗದ ವಿಶ್ವದಾಖಲೆ ಮಾಡಿದರು. ಗಂಟೆಗೆ 1,000 ಮೈಲಿ ದಾಟಿದ ಮೊದಲ ದಾಖಲೆ ಅದು. ಇಂಥ ವಿಮಾನವನ್ನು ಹಾಗೇ ಇಡಬೇಕಿತ್ತು ಅಲ್ವಾ? ಇಡಲಿಲ್ಲ. ಕಾಂಕಾರ್ಡ್‌ಗೆ ಬೇಕಾದ ರೆಕ್ಕೆಯ ಆಕಾರ ಪರೀಕ್ಷಿಸೋಕೆ ಅದಕ್ಕೇ ಹೊಸ ರೆಕ್ಕೆ ಹಾಕಿದರು, ಬಿಎಸಿ 221 ಅಂತ ಹೆಸರೂ ಬದಲಾಯ್ತು. ದಾಖಲೆ ಮಾಡಿದ ರೂಪ ಹೋಯ್ತು, ಆದರೆ ಅದೇ ಕಾರಣಕ್ಕೆ ವಿಮಾನ ಬದುಕಿತು. ಈಗ ಯೋವಿಲ್‌ಟನ್‌ನ ಮ್ಯೂಸಿಯಂನಲ್ಲಿ ಕಾಂಕಾರ್ಡ್ 002 ಜೊತೆಗೇ ಇದೆ. ಹಳೇ ರೂಪ ನೋಡಬೇಕು ಅಂದ್ರೆ ಅದರ ಜೋಡಿ ವಿಮಾನ 777 ಕಾಸ್‌ಫರ್ಡ್‌ನಲ್ಲಿದೆ.

ಸೋತ ವಿಮಾನವನ್ನು ಯಾಕೆ ಕಾಪಾಡಬೇಕು, ದುಡ್ಡು ದಂಡ ಅಂತ ಕೆಲವರು ಕೇಳ್ತಾರೆ. ಆ ಪ್ರಶ್ನೆಯಲ್ಲೂ ನ್ಯಾಯ ಇದೆ. ಅಷ್ಟು ದೊಡ್ಡ ವಸ್ತುವಿಗೆ ಸೂರು ಬೇಕು. ಬಯಲಲ್ಲಿ ನಿಲ್ಲಿಸಿದರೆ ಮಳೆ, ತೇವಕ್ಕೆ ಲೋಹ ತಿಂದುಹೋಗುತ್ತೆ. ಆದರೆ ಸೋತದ್ದು ಅಂತ ನಾವು ಕರೆಯೋದು ನಿಜಕ್ಕೂ ಸೋತಿರುತ್ತಾ? ಟಿಎಸ್‌ಆರ್–2 ಗಾಗಿ ಮಾಡಿದ ಒಲಿಂಪಸ್ ಎಂಜಿನ್ ಬೆಳೆದೇ ಕಾಂಕಾರ್ಡ್‌ನ ಎಂಜಿನ್ ಆಯ್ತು. ಗೆದ್ದ ವಿಮಾನವನ್ನು ಮಾತ್ರ ಇಟ್ಟುಕೊಂಡರೆ, ಎಂಜಿನಿಯರಿಂಗ್ ಅಂದ್ರೆ ಒಂದೇ ಏಟಿಗೆ ಆಗಿಬಿಡೋ ಕೆಲಸ ಅನ್ನೋ ಸುಳ್ಳನ್ನು ಮುಂದಿನವರಿಗೆ ಹೇಳಿದ ಹಾಗಾಗುತ್ತೆ.

ಇದು ದೂರದ ಮಾತು ಅನ್ನಿಸಿದರೆ, ಬೆಂಗಳೂರಿಗೆ ಬನ್ನಿ. ಎಚ್‌ಎಎಲ್‌ನ ಮಾರುತ್ ಯುದ್ಧ ವಿಮಾನ 1961ರಲ್ಲಿ ಮೊದಲು ಹಾರಿತು. ಅದಕ್ಕೆ ಅಂದುಕೊಂಡಿದ್ದ ಬ್ರಿಟನ್ನಿನ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್‌ನ ಅಭಿವೃದ್ಧಿ ಅರ್ಧಕ್ಕೇ ನಿಂತಿತು. ಹೀಗಾಗಿ ಮಾರುತ್ ಕಡಿಮೆ ಶಕ್ತಿಯ ಎಂಜಿನ್‌ನಲ್ಲೇ ಜೀವಮಾನ ಕಳೀತು. ಅಲ್ಲಿ ನಿಂತ ಕೆಲಸದ ಪೆಟ್ಟು ಇಲ್ಲಿಗೂ ಬಿತ್ತು. ಅದನ್ನು ಮೊದಲು ಹಾರಿಸಿದ ಟೆಸ್ಟ್ ಪೈಲಟ್ ಸುರಂಜನ್ ದಾಸ್. 1970ರಲ್ಲಿ ಮಾರುತ್ ಪರೀಕ್ಷೆ ಮಾಡುವಾಗಲೇ ತೀರಿಕೊಂಡರು. ನಿಮ್ಮಲ್ಲಿ ಎಷ್ಟೋ ಜನ ದಿನಾ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಳ್ಳೋ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ.

ಅಲ್ಲಿಂದ ಎಚ್‌ಎಎಲ್ ಮ್ಯೂಸಿಯಂ ದೂರ ಏನಿಲ್ಲ, ಮಾರುತ್ ಅಲ್ಲಿ ನಿಂತಿದೆ. ಒಂದು ಭಾನುವಾರ ಹೋಗಿ ಬನ್ನಿ. ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಎರಡು ನಿಮಿಷ ಪಕ್ಕದ ಬೋರ್ಡನ್ನೂ ಓದಿ. ನೋಡೋಕೆ ಬರೋರು ಇದ್ದರೆ ತಾನೇ ಸೂರು ಹಾಕಿಸೋರೂ ಇರ್ತಾರೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.