ಸತ್ತಳೆಂದವಳು ಬದುಕಿದ್ದಳು

ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ನೋಡಿ ಪರವೂರಿನವರು ಭಾರೀ ಖಾರ ಅಂದುಕೊಳ್ಳುತ್ತಾರೆ. ಬಾಯಿಗಿಟ್ಟ ಮೇಲೆಯೇ ಗೊತ್ತಾಗುವುದು, ಇದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಸಂಶಯವೂ ಹೀಗೆ ಹೊರನೋಟದಿಂದಲೇ ಹುಟ್ಟುತ್ತದೆ.

ಹೆಂಡತಿ ಕಾಣೆಯಾದರೆ ಊರಿನ ಬೆರಳು ಮೊದಲು ಗಂಡನ ಕಡೆಗೆ. ಇಂಥ ಕಥೆಯಿಟ್ಟುಕೊಂಡು ಬ್ರಿಟನ್ನಿನಲ್ಲಿ ಕರಾಳ ಹಾಸ್ಯದ ಸಿನಿಮಾ ಮಾಡಿದ್ದಾರೆ. ನಮ್ಮ ಕೊಡಗಿನ ಬಡ ಕೂಲಿಕಾರನೊಬ್ಬನಿಗೆ ಅಂಥದೇ ಸಂಶಯ ಜೈಲುವಾಸ ತಂದಿತು.

2020ರಲ್ಲಿ ಅವನ ಹೆಂಡತಿ ಮನೆ ಬಿಟ್ಟಳು. ಠಾಣೆಗೆ ದೂರು ಕೊಟ್ಟವನೂ ಅವನೇ. ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಸಿಕ್ಕ ಅಸ್ಥಿಪಂಜರ ಅವಳದೇ ಎಂದು ಪೊಲೀಸರು ಅವನ ಮೇಲೆ ಕೊಲೆಯ ಆರೋಪ ಹೊರಿಸಿದರು. ಡಿಎನ್‌ಎ ತಾಳೆಯಾಗಲಿಲ್ಲ. ಆದರೂ ವಿಚಾರಣೆ ನಿಲ್ಲಲಿಲ್ಲ. ವರ್ಷಕ್ಕೂ ಮಿಕ್ಕಿ ಅವನು ಸೆರೆಯಲ್ಲಿದ್ದ.

2025ರ ಏಪ್ರಿಲ್ 1ರಂದು ಅವನ ಗೆಳೆಯರು ಮಡಿಕೇರಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದ ಅವಳನ್ನು ಕಂಡರು! ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ದೋಷಮುಕ್ತಗೊಳಿಸಿತು. ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಕಳೆದ ಮಾನಕ್ಕೆ, ತಂದೆಯಿಲ್ಲದೆ ಮಕ್ಕಳು ಕಳೆದ ದಿನಗಳಿಗೆ ಅದು ಏನೇನೂ ಸಾಲದು.

ನಿಮ್ಮ ಓಣಿಯಲ್ಲಿ ಯಾರ ಮೇಲಾದರೂ ಆರೋಪ ಬಂದರೆ, ತೀರ್ಪು ಬರುವ ತನಕ ಅವರನ್ನು ಕೊಲೆಗಾರ ಅನ್ನಬೇಡಿ. ಅವರ ಮಕ್ಕಳನ್ನು ಆಟಕ್ಕೆ ಕರೆಯಿರಿ.