ಬಿಸಿಲಿನ ಪಾಲು

ದೊಡ್ಡ ಊರಿನ ವಾಸದಲ್ಲಿ ಲಾಭವೆಷ್ಟು, ನಷ್ಟವೆಷ್ಟು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಒಂದು ಪಟ್ಟಿ ಹಿಡಿದು ಕೂರುತ್ತಾರೆ. ಒಂದು ಕಡೆ ಶಾಲೆ, ಆಸ್ಪತ್ರೆ, ಉದ್ಯೋಗ, ನಾಟಕ, ಸಂಗೀತ. ಇನ್ನೊಂದು ಕಡೆ ಹೊಗೆ, ಧೂಳು, ಗದ್ದಲ, ಬಾಡಿಗೆ. ಕೂಡಿ ಕಳೆದ ಮೇಲೆ ಉಳಿಯುವ ಶೇಷ ಪಟ್ಟಿ ಬರೆದವರ ವಯಸ್ಸು, ವರಮಾನ, ಮಂಡಿನೋವುಗಳನ್ನು ಅವಲಂಬಿಸಿರುತ್ತದೆಯೇ ಹೊರತು ಊರನ್ನಲ್ಲ. ಆದ್ದರಿಂದ ಆ ಪಟ್ಟಿಗೆ ನಾನು ಕೈಹಾಕುವುದಿಲ್ಲ. ಬೆಂಗಳೂರಿನ ದಂಡು ಪ್ರದೇಶಕ್ಕೆ ಸೇರಿದ ಕುಕ್ ಟೌನಿನಲ್ಲಿ ಅರ್ಧ ಶತಮಾನ ಬಾಳಿದವನು ನಾನು. ಇಷ್ಟು ಕಾಲವೂ ನನ್ನ ಗಮನದಲ್ಲಿದ್ದ ಒಂದೇ ಒಂದು ಬಾಬ್ತನ್ನು ಕುರಿತು ಮಾತನಾಡುತ್ತೇನೆ. ಆ ಬಾಬ್ತು, ಬಿಸಿಲು.

ಬಿಸಿಲನ್ನು ಆಸ್ತಿಯೆಂದು ಎಣಿಸುವ ಬುದ್ಧಿ ನನಗೆ ಹುಟ್ಟಿದೂರಿನಿಂದ ಬಂದದ್ದು. ತೀರ್ಥಹಳ್ಳಿ ತಾಲ್ಲೂಕಿನವನು ನಾನು. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಿನವನು. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಒಂದರ ಬೆನ್ನಿಗೊಂದು ಹತ್ತಿ ಬಂದರೆ ಸೂರ್ಯನ ಮುಖ ಕಾಣದೆ ವಾರಗಳು ಕಳೆದುಹೋಗುತ್ತಿದ್ದವು. ಬಟ್ಟೆ ಒಣಗುತ್ತಿದ್ದುದು ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರಿನ ಅಟ್ಟದಲ್ಲಿ. ಶಾಲೆಗೆ ಹೋಗುವ ಹುಡುಗರ ಅಂಗಿಗಳೆಲ್ಲ ಹೊಗೆ ನಾರುತ್ತಿದ್ದವು. ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ನಡುವೆ ಎಂದಾದರೂ ಒಂದು ಗಳಿಗೆ ಮೋಡ ಹರಿದರೆ, “ಬಿಸಿಲು ಬಂತು!” ಎಂದು ಅಮ್ಮ ನೆಂಟರು ಬಂದಂತೆ ಕೂಗುತ್ತಿದ್ದಳು. ಕಂಬಳಿ, ಹಾಸಿಗೆ, ಬೇಳೆಯ ಡಬ್ಬ, ಉಪ್ಪಿನಕಾಯಿಯ ಭರಣಿ ಎಲ್ಲವೂ ಅಂಗಳಕ್ಕೆ ಓಡಿ ಬರುತ್ತಿದ್ದವು.

ಅಂಥವನು 1974ರ ಜುಲೈ ತಿಂಗಳಲ್ಲಿ ಕೆಲಸ ಹಿಡಿದು ಬೆಂಗಳೂರಿಗೆ ಬಂದು, ಆಷಾಢದ ಗಾಳಿಯ ನಡುವೆ ಎಳೆಬಿಸಿಲು ಬಿದ್ದ ರಸ್ತೆಯಲ್ಲಿ ನಿಂತಾಗ ಆದ ಬೆರಗನ್ನು ಮಲೆನಾಡಿನವರು ಮಾತ್ರ ಊಹಿಸಬಲ್ಲರು. ಈ ಬಿಸಿಲು ಸುಡುವುದಿಲ್ಲ, ಅದೇ ವಿಶೇಷ. ಮದರಾಸೂ ಬೆಂಗಳೂರೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ 13 ಡಿಗ್ರಿಯ ಆಸುಪಾಸಿನಲ್ಲಿ. ಸೂರ್ಯ ಎರಡು ಊರಿನ ನೆತ್ತಿಗೂ ಒಂದೇ ದಿನ ಬರುತ್ತಾನೆ, ವರ್ಷಕ್ಕೆ ಎರಡು ಸಲ; ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಅಂದು ನಡುಹಗಲಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಹಾಗಿದ್ದೂ ಅಲ್ಲಿ ಬೆವರು, ಇಲ್ಲಿ ತಂಪು. ಕಾರಣ ಸರಳವಾದದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಎತ್ತರ ಏರಿದಷ್ಟೂ ಗಾಳಿ ತಣ್ಣಗಾಗುತ್ತದೆ.

ಆದರೆ ಈ ಎತ್ತರಕ್ಕೆ ತೆರಬೇಕಾದ ಬೆಲೆಯೂ ಉಂಟು. ದಿಣ್ಣೆಯ ನೆತ್ತಿಯ ಮೇಲೆ ಕುಳಿತ ಊರಿಗೆ ಹೇಳಿಕೊಳ್ಳುವಂಥ ನದಿಯಿಲ್ಲ. ನಾನು ಬಂದ ವರ್ಷವೇ ಕಾವೇರಿಯೂ ಬೆಂಗಳೂರಿಗೆ ಬಂದಳು. ಆದರೆ ನಾನು ಬಸ್ಸಿನಲ್ಲಿ ಬಂದೆ, ಅವಳನ್ನು ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ, ಯಂತ್ರಗಳು ಹಗಲಿರುಳೂ ದೂಡಿ ತರಬೇಕಾಯಿತು. ಇಂದಿಗೂ ದೂಡುತ್ತಲೇ ಇವೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತದ ನೀರು ಬಂತು. ಊರಿನ ತಂಪಿಗೆ ಯಾವುದು ಕಾರಣವೋ ಊರಿನ ದಾಹಕ್ಕೂ ಅದೇ ಕಾರಣ. ಇದನ್ನು ಲಾಭದ ಕಡೆ ಬರೆಯುತ್ತೀರೋ, ನಷ್ಟದ ಕಡೆಯೋ?

ಈಗ ಕುಕ್ ಟೌನಿಗೆ ಬರೋಣ. ಇಂಗ್ಲಿಷರು 1809ರಲ್ಲಿ ದಂಡನ್ನು ನೆಲೆಗೊಳಿಸಿದ ಮೇಲೆ ಬೆಂಗಳೂರು ಎರಡು ಊರಾಗಿಯೇ ಬೆಳೆಯಿತು. ಪೇಟೆ ಮೈಸೂರು ಅರಸರದು, ದಂಡು ರೆಸಿಡೆಂಟರದು. 1898ರಲ್ಲಿ ಪ್ಲೇಗು ಬಂದಾಗ ಮಾತ್ರ ಈ ಭೇದ ಅದಕ್ಕೆ ತಿಳಿಯಲಿಲ್ಲ. ಆ ಕಡೆ ಮಲ್ಲೇಶ್ವರ, ಬಸವನಗುಡಿಗಳು ಹುಟ್ಟಿದ್ದು ಅದರ ಭಯದಿಂದಲೇ. ಈ ಕಡೆ 1906ರಲ್ಲಿ ಫ್ರೇಜರ್ ಟೌನಿಗೆ, ಅಂದರೆ ಈಗಿನ ಪುಲಕೇಶಿನಗರಕ್ಕೆ, ಅಡಿಗಲ್ಲು ಬಿತ್ತು. ದಂಡಿನ ಎಂಜಿನಿಯರಾಗಿದ್ದ ಜೆ. ಎಚ್. ಸ್ಟೀಫನ್ಸ್ ಪ್ಲೇಗು ತಾಗದ ಊರನ್ನು ಕಟ್ಟುವ ಬಗೆಯನ್ನು ಕುರಿತು 1914ರಲ್ಲಿ ಪುಸ್ತಕವನ್ನೇ ಬರೆದರು. ಇಲಿಗೆ ಅಡಗಲು ಮೂಲೆ ಸಿಕ್ಕಬಾರದು, ಮನೆಯೊಳಗೆ ಗಾಳಿ ಬೆಳಕು ಓಡಾಡಬೇಕು, ಬೀದಿ ಅಗಲವಾಗಿರಬೇಕು ಎಂಬುದು ಆ ಕಾಲದ ಕಟ್ಟುವಿಕೆಯ ಸೂತ್ರ. ಆ ಸೂತ್ರದ ನೆರಳಿನಲ್ಲಿ — ಬೆಳಕಿನಲ್ಲಿ ಎನ್ನಬೇಕಿತ್ತು — ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್, ನಮ್ಮ ಕುಕ್ ಟೌನ್ ಎಲ್ಲವೂ ಬೆಳೆದವು. ಕುಕ್ ಎಂಬಾತ ಇಲ್ಲಿನ ಪುರಸಭೆಯ ಕಮಿಷನರಾಗಿದ್ದವರು. ಅಡುಗೆಗೂ ನಮ್ಮ ಬಡಾವಣೆಗೂ ಸಂಬಂಧವಿಲ್ಲವೆಂದು ನೆಂಟರಿಗೆ ವಿವರಿಸಿ ಸಾಕಾಗಿದೆ. 1947ರ ಜುಲೈನಲ್ಲಿ ದಂಡು ಮರಳಿ ಮೈಸೂರಿಗೆ ಸೇರಿತು. 1949ರಲ್ಲಿ ಎರಡು ಊರೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದವು. ಹೀಗೆ ಕಾಗದದ ಮೇಲೆ ಒಂದಾದವು, ಅನ್ನಿ.

ನಾನು ಮೊದಲು ಬಾಡಿಗೆಗೆ ಹಿಡಿದು, ಆಮೇಲೆ ಸಾಲ ಮಾಡಿ ಕೊಂಡದ್ದು ಅಂಥ ಕಾಲದ ಒಂದು ಚಿಕ್ಕ ಮನೆಯನ್ನು. ಕಿಟಕಿಗಳ ಮೇಲೆ ಮರದ ಪಟ್ಟಿಗಳ ಮೊನಚು ಮುಸುಕು. ಇದಕ್ಕೆ ಇಲ್ಲಿ ಮಂಕಿಟಾಪ್ ಎನ್ನುತ್ತಾರೆ. ಬೆಳಕನ್ನು ಒಳಗೆ ಬಿಟ್ಟು ಉರಿಯನ್ನು ಹೊರಗೇ ನಿಲ್ಲಿಸುವ ಜಾಣತನ ಅದಕ್ಕಿದೆ. ಮುಂದೆ ಜಗಲಿ, ಹಿಂದೆ ಬಾವಿ, ಮೇಲೆ ತಾರಸಿ. ಆ ತಾರಸಿಯೇ ನಮ್ಮ ವಿಶ್ವವಿದ್ಯಾನಿಲಯವೆಂದರೆ ಅತಿಶಯೋಕ್ತಿಯಲ್ಲ. ಸಂಕ್ರಾಂತಿ ಕಳೆದು ಬಿಸಿಲು ಬಲಿತೊಡನೆ ನನ್ನ ಹೆಂಡತಿ ಅಕ್ಕಿ ಸಂಡಿಗೆ ಇಡುವಳು. ಪಕ್ಕದ ತಾರಸಿಯಲ್ಲಿ ತಮಿಳು ಮನೆಯವರ ವಡಾಂ. ಅದರಾಚೆ ಮಂಗಳೂರಿನ ಕೊಂಕಣಿ ಕ್ರೈಸ್ತರ ಒಣಮೀನು. ಬೀದಿಯಾಚೆ ಆಂಗ್ಲೋ ಇಂಡಿಯನ್ ಮುದುಕಿಯೊಬ್ಬರ ಬಿಳಿಯ ಹೊದಿಕೆಗಳು. ಸಂಡಿಗೆಗೂ ಮೀನಿಗೂ ನಡುವೆ ಗಾಳಿಯ ದಿಕ್ಕನ್ನು ಕುರಿತು ಮಾತುಕತೆ ನಡೆಯಲೇಬೇಕಾಗಿತ್ತು. ಆ ಮಾತುಕತೆಯಲ್ಲಿಯೇ ನನ್ನ ಹೆಂಡತಿ ತಮಿಳು ಕಲಿತಳು; ಅವರು ಕನ್ನಡ ಕಲಿತರು. ದಂಡಿನಲ್ಲಿ ಕನ್ನಡವಿಲ್ಲವೆಂದು ಸಭೆಗಳಲ್ಲಿ ದೂರುವುದನ್ನು ಬಹಳ ಕೇಳಿದ್ದೇನೆ. ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೆ ಹೋಗಿ ಒಂದು ಉಪನ್ಯಾಸ ಕೇಳಿ, ಶಿವಾಜಿನಗರದಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುವ ಹೊತ್ತಿಗೆ ಊಟ ಆರಿರುತ್ತಿತ್ತು. ಆದರೂ ಸಭೆಯಲ್ಲಿ ಉಳಿಯದ ಕನ್ನಡ ಎಷ್ಟೋ ಸಲ ತಾರಸಿಯಲ್ಲಿ ಉಳಿದುಕೊಂಡದ್ದನ್ನು ನಾನು ಕಂಡಿದ್ದೇನೆ. 2008ರಿಂದ ನಮ್ಮದು ಸರ್ವಜ್ಞನಗರ ಕ್ಷೇತ್ರ; ಊರೂರು ಅಲೆದ ಆ ತ್ರಿಪದಿಕಾರನಿಗೆ ಈ ಕಲಬೆರಕೆಯ ಬೀದಿಗಳು ಹೊಸತೆನಿಸುತ್ತಿರಲಿಲ್ಲ.

ದೊಡ್ಡ ಊರಿನ ನಿಜವಾದ ಲಾಭ ನನ್ನ ಪಾಲಿಗೆ ಇದೇ. ನೆಂಟರಲ್ಲದವರು, ಜಾತಿಯವರಲ್ಲದವರು, ಭಾಷೆಯವರಲ್ಲದವರು ಬಿಸಿಲನ್ನು ಹಂಚಿಕೊಂಡು ಬಾಳುವುದು. ಬಿಸಿಲಿಗೆ ಯಾರೂ ಬಾಡಿಗೆ ಕೇಳಿರಲಿಲ್ಲ. ಕೇಳುವ ಕಾಲ ಬಂದೀತೆಂದು ಯಾರೂ ಎಣಿಸಿಯೂ ಇರಲಿಲ್ಲ.

ಆ ಕಾಲ ಬಂತು. ನಮ್ಮ ದಕ್ಷಿಣದ ಮನೆ ಕೆಡವಿ ನಾಲ್ಕು ಅಂತಸ್ತಿನ ವಸತಿ ಸಮುಚ್ಚಯವೆದ್ದಿತು. ಮೊದಲ ಚಳಿಗಾಲದಲ್ಲಿಯೇ ನಮ್ಮ ತಾರಸಿಯ ಮುಕ್ಕಾಲು ಪಾಲು ನೆರಳಾಯಿತು. ಬೇಸಗೆಯಲ್ಲಿ ಸೂರ್ಯ ನೆತ್ತಿಗೆ ಬಂದಾಗ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ಬಿಸಿಲು ಸರಿಯಾಗಿ ಬೀಳುತ್ತದೆ. ಬೇಕಾದ ಮಾಗಿಯಲ್ಲಿ ಬೀಳುವುದಿಲ್ಲ. ಆ ಗೋಡೆಗಳು ಹಗಲೆಲ್ಲ ಕಾದು, ಇರುಳಿನಲ್ಲಿ ಆ ಕಾವನ್ನು ನಮ್ಮ ಕಿಟಕಿಗೆ ಊದುತ್ತವೆ. ಕಾಂಕ್ರೀಟಿನ ಗುಣವೇ ಅದು. ಆದರೆ ಮಾರಿದವರನ್ನು ನಾನು ದೂಷಿಸಲಾರೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳ ಓದು, ಒಬ್ಬರ ಕಾಯಿಲೆ. ಒಂದು ಸಂಸಾರವಿದ್ದ ಜಾಗದಲ್ಲಿ ಇಂದು ಹನ್ನೆರಡು ಸಂಸಾರಗಳಿವೆ. ರಾಯಚೂರಿನ ಹುಡುಗರಿದ್ದಾರೆ, ಕೇರಳದ ದಾದಿಯರಿದ್ದಾರೆ, ಹುಬ್ಬಳ್ಳಿಯ ಒಂದು ಹೊಸ ಜೋಡಿಯಿದೆ. ಅವರೂ ನನ್ನಂತೆಯೇ ಬುತ್ತಿ ಕಟ್ಟಿಕೊಂಡು ಬಂದವರು. ಬಾಗಿಲು ತೆರೆದಿದ್ದಾಗ ಒಳಗೆ ಬಂದ ನಾನು, ನನ್ನ ಹಿಂದೆ ಬಾಗಿಲು ಹಾಕಿ ಎನ್ನುವುದು ಸಭ್ಯವಲ್ಲ.

ಹೊಸ ಕಟ್ಟಡದ ನೆತ್ತಿಯ ಮೇಲೆ ಸೂರ್ಯನ ಕಾವಿನಿಂದ ನೀರು ಕಾಯಿಸುವ ಹಂಡೆಗಳ ಸಾಲಿದೆ. ಈ ಹಂಡೆಗಳಿಗೆ ಬೆಂಗಳೂರು ಹೆಸರಾದ ಊರು. ಆದರೆ ಅದರ ಮೊದಲ ಅಂತಸ್ತಿನ ಅಜ್ಜಿಯೊಬ್ಬರಿಗೆ ವೈದ್ಯರು ಡಿ ಜೀವಸತ್ವದ ಪುಡಿಯನ್ನು ವಾರಕ್ಕೊಂದು ಪೊಟ್ಟಣದಂತೆ ಬರೆದುಕೊಟ್ಟಿದ್ದಾರೆ. ಬಿಸಿಲಿಗೆ ಮೈಯೊಡ್ಡಿದರೆ ತಾನಾಗಿ ಹುಟ್ಟುವ ಸತ್ವವದು. ಬಿಸಿಲೂರಿನಲ್ಲಿ ಅಂಗಡಿಯಿಂದ ಬರುತ್ತಿದೆ. ಮಿಲ್ಟನ್ ಬೀದಿಯ ಪಾರ್ಕಿನಲ್ಲಿ ಆಕೆಯೂ ನಾನೂ ಬೆಳಗ್ಗೆ ಬೆಂಚಿನಿಂದ ಬೆಂಚಿಗೆ ಬಿಸಿಲನ್ನು ಹಿಂಬಾಲಿಸುತ್ತೇವೆ.

ನಮಗೆ ಬಿಸಿಲು ಸಾಲದು. ಬೇರೆ ಕೆಲವರಿಗೆ ಅದು ವಿಪರೀತ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಹೊರಗೆ ಹರಿದ ಕೊಡೆಯ ಕೆಳಗೆ ಹೂವು ಮಾರುವವರನ್ನು ಏಪ್ರಿಲಿನಲ್ಲಿ ಮಾತನಾಡಿಸಿ ನೋಡಿ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿಗೆ ಏರಿತು. 1931ರ ಮೇ ತಿಂಗಳಿನ 38.9ರ ದಾಖಲೆ ಮುರಿಯಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಒಣಗಿ, ಬೀದಿಬೀದಿಯಲ್ಲಿ ನೀರಿನ ಟ್ಯಾಂಕರಿಗೆ ಜನ ಕಾದರು. ಆಗ ನನ್ನ ಅರಿವಿಗೆ ಬಂದದ್ದು ಇಷ್ಟು: ದೊಡ್ಡ ಊರಿನಲ್ಲಿ ಬಿಸಿಲೂ ಕಾಸಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ, ನೆರಳೂ ಹಾಗೆಯೇ. ಮೇಲಂತಸ್ತು ಕೊಂಡವನಿಗೆ ಬೇಕಾದಾಗ ಬಿಸಿಲು, ಬೇಡವಾದಾಗ ಪರದೆ. ಊಟದ ಪೊಟ್ಟಣ ಹೊತ್ತು ಬೈಸಿಕಲ್ಲು, ಸ್ಕೂಟರುಗಳಲ್ಲಿ ಓಡುವ ಹುಡುಗನಿಗೆ ಮಧ್ಯಾಹ್ನದ ನೆರಳೆಂದರೆ ರಸ್ತೆಬದಿಯ ಮರವೊಂದೇ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್, 1980ರ ದಶಕದಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದ ಅರಣ್ಯಾಧಿಕಾರಿ ನೇಗಿನಹಾಳರು, ಇಂಥವರು ಈ ಊರಿಗೆ ಮಾಡಿದ ಉಪಕಾರವನ್ನು ಹೂವಿನ ಚೆಲುವಿನಿಂದ ಅಳೆಯುವುದು ವಾಡಿಕೆ. ಆ ಹುಡುಗನನ್ನು ಕೇಳಿದರೆ ಬೇರೆ ಅಳತೆ ಹೇಳಿಯಾನು.

ಇಷ್ಟೆಲ್ಲ ಹೇಳಿದವನ ಮುಂದೆ ಈಗ ಒಂದು ಕಾಗದವಿದೆ. ನಮ್ಮ ಮನೆಯನ್ನೂ ಕೆಡವಿ ನಾಲ್ಕು ಅಂತಸ್ತು ಎಬ್ಬಿಸೋಣ, ಎರಡು ಮನೆ ನಿಮಗೆ, ಉಳಿದದ್ದು ನಮಗೆ ಎಂದು ಕಟ್ಟುವವರೊಬ್ಬರು ಕೇಳಿದ್ದಾರೆ. ಮಾಳಿಗೆ ಸೋರುತ್ತಿದೆ, ರಿಪೇರಿಗೆ ನನ್ನ ಪಿಂಚಣಿ ಸಾಲದು. ಮಗಳು ಒಪ್ಪಿದ್ದಾಳೆ. ಮೇಲಂತಸ್ತಿನಲ್ಲಿ ನಿಮಗೆ ಮತ್ತೆ ಬಿಸಿಲು ಸಿಗುತ್ತದಲ್ಲಾ ಅಪ್ಪ, ಎನ್ನುತ್ತಾಳೆ. ಸಿಗುತ್ತದೆ, ನಿಜ. ಆದರೆ ನಮ್ಮ ಉತ್ತರಕ್ಕೆ ಹತ್ತು ಅಡಿ ಅಂತರದಲ್ಲಿ ಒಬ್ಬ ದರ್ಜಿಯ ಮನೆಯಿದೆ. ಅವರ ಹೊಲಿಗೆ ಯಂತ್ರ ಇರುವುದು ದಕ್ಷಿಣದ ಕಿಟಕಿಯಲ್ಲಿ.

ಲೆಕ್ಕ ಕಷ್ಟದ್ದೇನಲ್ಲ. ಆಗಸ್ಟ್ 18ರಿಂದ ಏಪ್ರಿಲ್ 24ರವರೆಗೆ, ಎಂದರೆ ವರ್ಷದ ಎಂಟು ತಿಂಗಳು, ನಮ್ಮೂರಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕಿರುತ್ತಾನೆ. ನೆರಳು ಉತ್ತರಕ್ಕೆ ಬೀಳುತ್ತದೆ. ಡಿಸೆಂಬರಿನ ಕೊನೆಯ ವಾರದಲ್ಲಿ 45 ಅಡಿ ಎತ್ತರದ ಕಟ್ಟಡದ ನಡುಹಗಲಿನ ನೆರಳು 33 ಅಡಿ. ದರ್ಜಿಯ ಯಂತ್ರಕ್ಕೆ ಬೆಳಕೆಂದರೆ ವಿದ್ಯುದ್ದೀಪ, ಅದರ ಬಿಲ್ಲು. ಕಾಯಿದೆಯ ಪ್ರಕಾರ ಬಿಡಬೇಕಾದ ಜಾಗವನ್ನು ಬಿಡುತ್ತೇವೆ ಎಂದು ಕಟ್ಟುವವರು ನಕ್ಷೆ ತೋರಿಸಿದರು. ಆ ನಕ್ಷೆಯಲ್ಲಿ ಮೂವತ್ತಮೂರು ಅಡಿಗೆ ಜಾಗವಿರಲಿಲ್ಲ. ಗವೀಪುರದ ಗವಿಗಂಗಾಧರೇಶ್ವರನ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗವನ್ನು ಮುಟ್ಟುತ್ತದೆಂಬುದನ್ನು ತಾವು ಕೇಳಿರಬೇಕು. ಇದೇ ಊರಿನಲ್ಲಿ ಸೂರ್ಯನಿಗೆ ದಾರಿ ಬಿಟ್ಟು ಕಟ್ಟಬಲ್ಲವರಿದ್ದರು ಎಂದು ನಾನು ಅವರಿಗೆ ಹೇಳಿದೆ. ಅವರು ನಕ್ಕರು, ಕೆಟ್ಟ ನಗೆಯಲ್ಲ, ಮುದುಕರ ಮಾತಿಗೆ ನಗುವ ನಗೆ.

ನಾನಿನ್ನೂ ಸಹಿ ಹಾಕಿಲ್ಲ. ಉತ್ತರದ ಬದಿಯಲ್ಲಿ ಎರಡೇ ಅಂತಸ್ತು ಕಟ್ಟಿ, ಉಳಿದದ್ದನ್ನು ದಕ್ಷಿಣಕ್ಕೆ ಸರಿಸಿ ಮೆಟ್ಟಿಲಿನಂತೆ ಏರಿಸಿದರೆ ನಮ್ಮ ಪಾಲಿನಲ್ಲಿ ಒಂದು ಮನೆ ಕಡಿಮೆಯಾಗುತ್ತದೆ. ದರ್ಜಿಯ ಕಿಟಕಿಗೆ ಚಳಿಗಾಲದಲ್ಲಿಯೂ ಒಂದಷ್ಟು ಹೊತ್ತು ಬಿಸಿಲು ಉಳಿಯುತ್ತದೆ. ಮಗಳಿಗೆ ಈ ವಿಷಯವನ್ನು ಬರೆದಿದ್ದೇನೆ. ಬರುವ ಭಾನುವಾರ ಆಕೆಯೂ ಕಟ್ಟುವವರೂ ಬರುತ್ತಾರೆ, ದರ್ಜಿಯವರಿಗೂ ಹೇಳಿಕಳುಹಿಸಿದ್ದೇನೆ. ನಾಲ್ವರೂ ಹನ್ನೆರಡು ಗಂಟೆಗೆ ತಾರಸಿಯ ಮೇಲೆ ಸೇರುವುದೆಂದಾಗಿದೆ. ಅಳತೆಗೆ ಒಂದು ನೆಟ್ಟನೆಯ ಬಿದಿರುಗಳುವನ್ನು ತರಿಸಿಟ್ಟಿದ್ದೇನೆ.